ನಿಮಗೆ ಗೊತ್ತಿರುವ ಕೈ

ಜನವರಿ 8

ಏನಂತ ಶುರು ಮಾಡಲಿ ಅಂತ ತಿಳಿಯದೆ ಮೂರು ಹಾಳೆ ಹರಿದು ಹಾಕಿದೆ. ‘ಏನೂಂದ್ರೆ’ ಅನ್ನುವ ಹಕ್ಕು ಈಗ ನನಗಿಲ್ಲ. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ. ‘ಮಾನ್ಯರೇ’ ಅಂತ ಬರೆದರೆ ಕರೆಂಟ್ ಆಫೀಸಿನ ನೋಟೀಸು ಅಂದುಕೊಂಡು, ಓದದೆ ಗೋಡೆಯ ಮೊಳೆಗೆ ಸಿಕ್ಕಿಸಿಬಿಡುತ್ತೀರಿ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ನನಗೊಂದು ಗಾಳದ ಕೋಲು ಬೇಕು.

ನಿಮ್ಮ ಜೊತೆ ಹನ್ನೊಂದು ವರ್ಷ ಸಂಸಾರ ಮಾಡಿ, ಪಕ್ಕದ ಬೀದಿಯ ಕ್ಷೌರದಂಗಡಿಯವರ ಕೈಹಿಡಿದು ಊರು ಬಿಟ್ಟವಳು, ಹತ್ತೊಂಬತ್ತು ವರ್ಷ ಆದಮೇಲೆ ಬರೆಯುವ ಮೊದಲ ಕಾಗದದಲ್ಲಿ ಕೇಳುವುದು ಇದನ್ನಾ ಅಂತ ಬೇರೆ ಯಾರಾದರೂ ಆಗಿದ್ದರೆ ಉಗಿಯುತ್ತಿದ್ದರು. ನೀವು ಉಗಿಯುವುದಿಲ್ಲ. ಉಪ್ಪುಕಾಗದ ಕೆಳಗಿಟ್ಟು, ಕನ್ನಡಕ ಹಣೆಗೇರಿಸಿ, ಇನ್ನೊಂದು ಸಲ ಓದುತ್ತೀರಿ, ಅಷ್ಟೇ. ಫೋನ್ ಮಾಡೋಣ ಅಂದುಕೊಂಡಿದ್ದೆ. ಆ ಕಡೆಯಿಂದ ‘ಹೂಂ’ ಬಿಟ್ಟು ಇನ್ನೇನೂ ಬರುವುದಿಲ್ಲ ಅಂತ ಗೊತ್ತಿದ್ದೂ ಯಾಕೆ ಮಾಡಲಿ?

ಅಂಗಡಿಯಲ್ಲಿ ಸಿಗುವ ಕೋಲು ಆಗುವುದಿಲ್ಲ, ನೋಡಿ ಬಂದೆ. ಎಡಗೈಗೆ ಆಗುವಂಥದ್ದು ಬೇಕು. ಹಗುರವಾಗಿರಲಿ. ಏಳು ಅಡಿ ಸಾಕು. ಹಿಡಿಯಲ್ಲಿ ಬೆರಳು ಕೂರುವ ಕುಳಿ ಇರಬೇಕು, ನೀವು ಒಬ್ಬೊಬ್ಬರ ಕೈ ನೋಡಿ ಕೊರೆಯುತ್ತಿದ್ದಿರಲ್ಲ, ಹಾಗೆ. ಇಲ್ಲಿ ಕೆರೆ ಹತ್ತಿರವೇ ಇದೆ. ಸುತ್ತ ಕಲ್ಲು ಹಾಸಿದ್ದಾರೆ, ಕೂರಲು ಬೆಂಚಿದೆ.

ಇಲ್ಲಿ ಎಲ್ಲ ಕ್ಷೇಮ. ಆಗುವುದಿಲ್ಲ ಅನ್ನುವುದಾದರೆ ಅದನ್ನಾದರೂ ಬರೆಯಿರಿ. ಸುಮ್ಮನಿದ್ದುಬಿಡಬೇಡಿ.

ಹಿಂದೆ ನಿಮ್ಮ ಕೋಲುಗಳಿಗೆ ನೂಲು ಸುತ್ತುತ್ತಿದ್ದವಳು


ಜನವರಿ 21

ಕಾಗದ ಮುಟ್ಟಿತು. ಕೆಲಸ ಕೈತುಂಬ ಇದೆ. ನಿನ್ನದಕ್ಕೆ ಮುಂಚೆ ಎಂಟು ಕೋಲು ಮುಗಿಯಬೇಕು. ಎರಡು ತಿಂಗಳ ಮೇಲೆ ಹಿಡಿಯುತ್ತದೆ.

ಎಡಗೈ ಅಂದರೆ ಯಾರ ಎಡಗೈ? ಹಿಡಿ ಕೊರೆಯಬೇಕಾದರೆ ಅಂಗೈಯ ಅಗಲ, ಬೆರಳಿನ ಉದ್ದ ಬೇಕು. ಹಾಳೆಯ ಮೇಲೆ ಕೈಯಿಟ್ಟು ಸುತ್ತ ಪೆನ್ಸಿಲ್ ಎಳೆದು ಕಳಿಸು.

ನಿನ್ನ ರೇಡಿಯೋ ಹೇಗಿದ್ದಾನೆ? ಈಗಲೂ ಕತ್ತರಿಗಿಂತ ನಾಲಿಗೆಯನ್ನೇ ಜಾಸ್ತಿ ಆಡಿಸುತ್ತಾನಾ, ಇಲ್ಲಾ ಬ್ಯಾಟರಿ ಇಳಿದಿದೆಯಾ?

ನೀನಿಟ್ಟ ಹೆಸರೇ,
ಗೂಟ


ಫೆಬ್ರವರಿ 5

ಕಾರ್ಡು ಬಂತು. ಎಂಟು ಆರ್ಡರ್ ಇವೆ ಅಂತ ಓದಿ ಖುಷಿಯಾಯಿತು. ಅಂದರೆ ಹಿಂದಿನ ಕೋಣೆಯಲ್ಲಿ ಈಗಲೂ ಕಾಲಿಡಲು ಜಾಗವಿಲ್ಲ.

ಕೈ ಬರೆದು ಕಳಿಸುವುದು ಆಗುವುದಿಲ್ಲ. ಯಾಕೆ ಅಂತ ಕೇಳಬೇಡಿ. ಅಳತೆಯಾದರೂ ಯಾಕೆ? ನಿಮಗೆ ಗೊತ್ತಿರುವ ಕೈಯೇ. ಕಣ್ಣು ಮುಚ್ಚಿಕೊಂಡರೂ ಕೊರೆಯುತ್ತೀರಿ.

ನಿನ್ನೆ ಕೆಲಸದಲ್ಲಿ ಕೂತಿದ್ದಾಗ (ಬಟ್ಟೆ ಅಂಗಡಿಯೊಂದರಲ್ಲಿ ಅಳತೆ ತಿದ್ದಿ ಹೊಲಿದುಕೊಡುತ್ತೇನೆ) ಯಾರೋ ಬಾಗಿಲಿಗೆ ವಾರ್ನಿಷ್ ಹೊಡೆಯುತ್ತಿದ್ದರು. ಆ ವಾಸನೆಗೆ ಸೂಜಿ ಕೈಯಲ್ಲೇ ನಿಂತುಹೋಯಿತು. ಮೊದಮೊದಲು ಮೋಟಾರು ಇರಲಿಲ್ಲವಲ್ಲ, ನೆನಪಿದೆಯಾ? ವಾರ್ನಿಷ್ ಒಂದೇ ಕಡೆ ಇಳಿದು ಗಂಟು ಕಟ್ಟಬಾರದು ಅಂತ ನಾನು ಸ್ಟೂಲಿನ ಮೇಲೆ ಕೂತು ಗಂಟೆಗಟ್ಟಲೆ ಕೋಲನ್ನು ಉರುಳಿಸುತ್ತಿದ್ದೆ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಊಟದ ತಟ್ಟೆ. ಆಮೇಲೆ ನೀವು ಗುಜರಿಯಿಂದ ಹಳೇ ಗ್ರಾಮಫೋನಿನ ಮೋಟಾರು ತಂದು ಕೂರಿಸಿದಿರಿ. ಅವತ್ತು ನನಗೆ ಒಡವೆ ಮಾಡಿಸಿಕೊಟ್ಟಷ್ಟು ಸಂತೋಷವಾಗಿತ್ತು. ಹೇಳಿರಲಿಲ್ಲ. ನಾನೂ ಎಲ್ಲವನ್ನೂ ಹೇಳುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಇನ್ನೊಂದು ನೆನಪಾಗಿ ಒಬ್ಬಳೇ ನಕ್ಕೆ. ಹೊಸ ಕೋಲಿನ ಬಾಗು ನೋಡಲು ದಾರಕ್ಕೆ ಇಟ್ಟಿಗೆ ಕಟ್ಟಿ ಮಹಡಿಯಿಂದ ಎತ್ತುತ್ತಿದ್ದಿರಿ. ಒಂದು ದಿನ ಗಂಟು ಜಾರಿ, ಇಟ್ಟಿಗೆ ಹೋಗಿ ಕೆಳಗಿನ ಮನೆ ನರ್ಸಮ್ಮನ ಹೂವಿನ ಕುಂಡದ ಮೇಲೆ ಬಿತ್ತು. ನೀವು ಒಂದು ಮಾತಾಡಲಿಲ್ಲ. ಪೇಟೆಗೆ ಹೋಗಿ ಹೊಸ ಕುಂಡ ತಂದು, ಅವರ ಬಾಗಿಲಲ್ಲಿಟ್ಟು, ಮೇಲೆ ಬಂದು ಲೇತಿನ ಮುಂದೆ ನಿಂತಿರಿ. ಯಾರೋ ಕದ್ದುಮುಚ್ಚಿ ಪ್ರೀತಿಸುತ್ತಿದ್ದಾರೆ ಅಂತ ಪಾಪ ಆ ನರ್ಸಮ್ಮ ತಿಂಗಳುಗಟ್ಟಲೆ ತಲೆಗೆ ಹೂವು ಮುಡಿದು ಓಡಾಡಿದರು!

ಕೋಲು ಬೇಗ ಆದರೆ ಒಳ್ಳೆಯದು. ಅವಸರ ಮಾಡುತ್ತಿಲ್ಲ. ಅವಸರ ಇದೆ.


ಫೆಬ್ರವರಿ 27

ಯಾರ ಕೈ ಅಂತ ಅರ್ಥವಾಯಿತು. ಮೊದಲೇ ಆಗಬೇಕಿತ್ತು. ನನ್ನದು ದಪ್ಪ ತಲೆ. ಇನ್ನು ಅದರ ಬಗ್ಗೆ ಮಾತು ಬೇಡ. ನಿನಗೆ ಹೇಳುವುದು ಕಷ್ಟ, ನನಗೆ ಕೇಳುವುದೂ ಕಷ್ಟ.

ನಿನ್ನ ಕೆಲಸವನ್ನೇ ಮುಂದಕ್ಕೆ ತೆಗೆದುಕೊಂಡಿದ್ದೇನೆ. ಉಳಿದವರು ಕಾಯಲಿ.

ಕೋಲಿಗೆ ಐದು ಕಡ್ಡಿ ತಂದು ಒಂದನ್ನು ಆರಿಸಿದೆ. ಕಡ್ಡಿಗೆ ಬೆನ್ನಿರುತ್ತದೆ ಅಂತ ನಿನಗೆ ತೋರಿಸಿದ್ದೆ. ಬುಡ ನೆಲಕ್ಕೂರಿ, ತುದಿಯನ್ನು ಅಂಗೈಯಲ್ಲಿ ಹಿಡಿದು, ನಡುವನ್ನು ಒತ್ತಿ ಬಾಗಿಸಿ ಉರುಳಿಸಿದರೆ ಒಂದು ಕಡೆ ತಟಕ್ಕನೆ ಹೊರಳಿಕೊಳ್ಳುತ್ತದೆ. ಅದೇ ಬೆನ್ನು. ದಾರ ಹಾಯುವ ಉಂಗುರಗಳನ್ನು ಅದಕ್ಕೆ ನೇರವಾಗಿ ನೂಲು ಸುತ್ತಿ ಕೂರಿಸದಿದ್ದರೆ ಮೀನು ಎಳೆದಾಗ ಕೋಲು ಕೈಯಲ್ಲೇ ತಿರುಚಿಕೊಳ್ಳುತ್ತದೆ. ಅವತ್ತು ನೀನು ಅಂದಿದ್ದೆ, ‘ಕಡ್ಡಿಯ ಬೆನ್ನು ಹುಡುಕೋಕೆ ಅರ್ಧ ದಿನ ಬೇಕು ನಿಮಗೆ. ನಿಮ್ಮ ಬೆನ್ನು ಹುಡುಕೋ ಕಷ್ಟ ನನಗಿಲ್ಲ. ಮನೆಯಲ್ಲಿ ಯಾವಾಗ ನೋಡಿದರೂ ಅದೇ ಕಾಣುತ್ತೆ.’ ನಾನು ನಗಲಿಲ್ಲ. ತಮಾಷೆ ಅಲ್ಲ ಅಂತ ಗೊತ್ತಿತ್ತು.

ಹಿಡಿಗೆ ಕಾರ್ಕ್ ಬಿಲ್ಲೆಗಳನ್ನು ಪೋಣಿಸಿ ಅಂಟು ಹಾಕಿದ್ದೇನೆ. ಹದಿಮೂರು ಬಿಲ್ಲೆ. ಒಂದರಲ್ಲೂ ತೂತಿಲ್ಲ, ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿದ್ದು. ನಾಳೆ ಲೇತಿಗೆ.

ನರ್ಸಮ್ಮನಿಗೆ ಆ ಕುಂಡ ಇಟ್ಟವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಿದಾಗ ಹೇಳಿಬಿಡೋಣ ಅನ್ನಿಸಿತು. ವಯಸ್ಸಾಗಿದೆ, ಇಟ್ಟುಕೊಳ್ಳಲಿ ಅಂತ ಬಿಟ್ಟೆ.

ಗೂಟ


ಮಾರ್ಚ್ 12

‘ಅರ್ಥವಾಯಿತು’ ಅನ್ನುವ ಒಂದು ಮಾತು ಓದಿ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ನಿಮಗೆ ಯಾರು ಹೇಳಿದರು ಅಂತ ಕೇಳುವುದಿಲ್ಲ. ಆ ಕಡೆಯವರು ಯಾರಾದರೂ ಬಾಯಿ ಬಿಟ್ಟಿರುತ್ತಾರೆ. ಹೇಳಿದವರಿಗೆ ಪುಣ್ಯ ಬರಲಿ, ನನ್ನ ಬಾಯಿಂದ ಹೊರಡುತ್ತಿರಲಿಲ್ಲ.

ಒಂದು ವರ್ಷದ ಮೇಲಾಯಿತು. ಅಂಗಡಿ ಮುಚ್ಚಿದ್ದಾಯಿತು. ತಿರುಗುವ ಕುರ್ಚಿ, ಕನ್ನಡಿ ಎಲ್ಲ ಯಾರ್ಯಾರೋ ಹೊತ್ತುಕೊಂಡು ಹೋದರು. ಮನೆಯಲ್ಲಿ ನನ್ನ ದನಿ ಬಿಟ್ಟರೆ ಇನ್ನೊಂದಿಲ್ಲ. ಕುಕ್ಕರಿನ ಸೀಟಿ ಹೊಡೆದರೆ ಯಾರೋ ಬಂದರು ಅನ್ನಿಸುತ್ತದೆ. ನಿಮ್ಮ ಮೌನಕ್ಕೆ ಅಷ್ಟು ಶಾಪ ಹಾಕಿ ಬಂದೆನಲ್ಲ, ಹುಡುಕಿಕೊಂಡು ಹಿಂದೆಯೇ ಬಂದಿದೆ.

ಹಿಡಿ ಹೇಗಾಯಿತು? ನೂಲು ಯಾರು ಸುತ್ತುತ್ತಾರೆ ಈಗ? ಕೈ ಹದವಾಗಿರುವವರಾ? ತುಂಬ ಬಿಗಿದರೆ ಉಂಗುರದ ಕಾಲು ಕಡ್ಡಿಗೆ ಕಚ್ಚುತ್ತದೆ ಅಂತ ಹೇಳಿಕೊಡಿ.


ಏಪ್ರಿಲ್ 18

ಇವಳೇ,

ಕಾಗದ ಪಾರ್ಸೆಲಿನ ಒಳಗೇ ಇಟ್ಟಿದ್ದೇನೆ. ಮೊದಲು ಕೋಲು ನೋಡು, ಆಮೇಲೆ ಓದು. ಇದುವರೆಗೆ ಇಷ್ಟುದ್ದದ ಕಾಗದ ನಾನು ಬರೆದಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಎಂಟು ಆರ್ಡರ್ ಇವೆ ಅಂದದ್ದು ಸುಳ್ಳು. ನಾಲ್ಕು ವರ್ಷದಿಂದ ಒಂದೂ ಇಲ್ಲ. ಜನ ಅಂಗಡಿಯಲ್ಲಿ ಸಿಗುವುದನ್ನೇ ಕೊಳ್ಳುತ್ತಾರೆ. ನಿನ್ನ ಕಾಗದ ಬಂದಾಗ ಲೇತಿನ ಮೇಲೆ ಹಾಸಿಗೆ ಬಟ್ಟೆ ಹೊದಿಸಿತ್ತು. ಕಾರ್ಕಿನ ಡಬ್ಬಿ ತೆಗೆದರೆ ಇಲಿ ಸಂಸಾರ ಹೂಡಿತ್ತು. ನೀನು ಹೋದಮೇಲೆ ನಾನು ಹಾಳಾಗಿಲ್ಲ ಅಂತ ತೋರಿಸಬೇಕಿತ್ತು, ಅದಕ್ಕೇ ಹಾಗೆ ಬರೆದೆ.

ನೂಲು ಯಾರು ಸುತ್ತಿದರು ಅಂತ ಕೇಳಿದ್ದೀಯ. ನಾನೇ. ನೀನು ಇದ್ದಷ್ಟು ದಿನ ನಾನು ನೂಲು ಮುಟ್ಟಲಿಲ್ಲ, ಆಮೇಲೆ ಇಸ್ತ್ರಿ ಅಂಗಡಿಯ ಅಜ್ಜಿಗೆ ಕೊಟ್ಟು ಸುತ್ತಿಸುತ್ತಿದ್ದೆ. ಅಜ್ಜಿ ಈಗಿಲ್ಲ. ಮೊದಲ ಉಂಗುರ ಆರು ಸಲ ಬಿಚ್ಚಿದೆ. ಕೊನೆಯ ಎಳೆಯನ್ನು ಕುಣಿಕೆಯಲ್ಲಿ ತೂರಿಸಿ ಒಳಗೆ ಎಳೆದುಕೊಳ್ಳುವ ಹೊತ್ತಿಗೆ ಇಡೀ ಸುತ್ತು ಸಡಿಲವಾಗಿಬಿಡುತ್ತಿತ್ತು. ನೀನು ಅದನ್ನು ಮಾತಾಡಿಕೊಂಡೇ ಮಾಡುತ್ತಿದ್ದೆ. ಆ ಮಾತುಗಳಲ್ಲಿ ಒಂದಾದರೂ ನೆನಪಿದೆಯಾ ಅಂತ ಮೂರು ದಿನ ಯೋಚಿಸಿದೆ. ನೆನಪಿರುವುದು ದನಿ ಮಾತ್ರ, ಮಾತಿಲ್ಲ. ಕೇಳಿಸಿಕೊಂಡಿದ್ದರೆ ತಾನೆ.

ಹಿಡಿಗೆ ಅಳತೆ ಎಲ್ಲಿ ಸಿಕ್ಕಿತು ಅಂತ ಹೇಳುತ್ತೇನೆ. ನೂಲು ಸುತ್ತುವ ಸ್ಟ್ಯಾಂಡಿನ ಮರದ ಹಿಡಿ ಹಾಗೇ ಇದೆ. ಎಡಗೈಯಲ್ಲಿ ತಿರುಗಿಸಿ ತಿರುಗಿಸಿ ನಿನ್ನ ಹೆಬ್ಬೆರಳು ಅದರಲ್ಲಿ ಗುಳಿ ಬೀಳಿಸಿದೆ. ಉಳಿದ ಬೆರಳುಗಳದ್ದೂ ಸಣ್ಣಗೆ ಕಾಣುತ್ತದೆ. ಅದರ ಮೇಲೆ ಮೇಣ ಒತ್ತಿ ಅಚ್ಚು ತೆಗೆದೆ. ಅದನ್ನು ನೋಡಿಕೊಂಡು ಹನ್ನೆರಡು ದಿನ ಕೊರೆದೆ. ಲೇತಿನ ಕೆಲಸ ಒಂದು ಗಂಟೆ, ಉಳಿದದ್ದೆಲ್ಲ ಕೈಯಲ್ಲಿ. ಕಿರುಬೆರಳಿನ ಕುಳಿ ಸ್ವಲ್ಪ ಒಳಗೆ ತೆಗೆದಿದ್ದೇನೆ. ಆ ಬೆರಳು ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿತ್ತು ತಾನೆ? ಅವತ್ತು ನೀನು ಕಿರುಚಿದಾಗಲೂ ನಾನು ತಿರುಗಿ ನೋಡಿದ್ದು ಅಂಟು ಒರೆಸಿದ ಮೇಲೆ.

ಎರಡು ಕಾಗದದಲ್ಲಿ ನೀನು ರೇಡಿಯೋ ಸುದ್ದಿ ಎತ್ತಲಿಲ್ಲ. ನಾನು ಕೇಳಿದ್ದಕ್ಕೂ ಉತ್ತರವಿಲ್ಲ. ಆಮೇಲೆ ಅಂಗಡಿ ಮುಚ್ಚಿದ್ದು, ಮನೆಯಲ್ಲಿ ನೀನೊಬ್ಬಳೇ ಇರುವುದು ಬರೆದೆ. ಅವನು ಎಲ್ಲಿಗೆ ಹೋದ, ಯಾಕೆ ಹೋದ ಅಂತ ನಾನು ಕೇಳುವುದಿಲ್ಲ. ಅವನನ್ನು ಬೈಯುವ ಮನಸ್ಸೂ ಇಲ್ಲ.

ಅವತ್ತು ನೀನು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು, ‘ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಬಂಗಾರ ನೋಡ್ಕೊಂಡು ಎಷ್ಟು ದಿನ ಉಪವಾಸ ಇರಲಿ? ನನಗೆ ಮಾತಾಡೋ ಮನುಷ್ಯ ಬೇಕು’ ಅಂದೆ. ನಾನು ಹಿಡಿಗೆ ಉಪ್ಪುಕಾಗದ ತಿಕ್ಕುತ್ತಿದ್ದೆ. ‘ಹೋಗಬೇಡ’ ಅಂತ ಬಾಯಿಗೆ ಬಂದಿತ್ತು. ನಾಲ್ಕೇ ಅಕ್ಷರ. ತಿಕ್ಕುತ್ತಲೇ ಇದ್ದೆ.

ಹಿಂದಿನ ಕೋಣೆಯನ್ನು ಗುಡಿಸಿ ಸುಣ್ಣ ಹೊಡೆಸಿದ್ದೇನೆ. ಗಲ್ಲಿಯ ಕಡೆಯ ಕಿಟಕಿಗೆ ಹೊಸ ಗಾಜು ಹಾಕಿಸಿದ್ದೇನೆ. ನಿನ್ನ ಸ್ಟೂಲು ಇದೆ. ಬರುವುದಾದರೆ ಕಾಗದ ಬರೆಯುವುದೂ ಬೇಡ, ಬಾ.


ಮೇ 2

ಏನೂಂದ್ರೆ,

ಬೇರೆ ಏನು ಕರೆದರೂ ಇವತ್ತು ಸುಳ್ಳಾಗುತ್ತದೆ. ಅದಕ್ಕೇ ಇದೊಂದು ಸಲ ಹೀಗೆ ಕರೆಯುತ್ತೇನೆ.

ಪಾರ್ಸೆಲ್ ಬಂದಾಗ ಅದನ್ನು ಬಿಚ್ಚಿದ್ದು ನಾನಲ್ಲ, ಅವರು. ಹೌದು, ಇಲ್ಲೇ ಇದ್ದಾರೆ. ಎಲ್ಲಿಗೂ ಹೋಗಿಲ್ಲ. ಹೋದ ವರ್ಷ ಜನವರಿಯಲ್ಲಿ ಗಿರಾಕಿಯೊಬ್ಬರ ಗಡ್ಡ ಹೆರೆಯುತ್ತಾ ಏನೋ ಕಥೆ ಹೇಳುತ್ತಿದ್ದವರು ಕಥೆಯ ನಡುವೆಯೇ ಕುಸಿದರು. ಲಕ್ವ. ಬಲಗೈ ಹೋಯಿತು, ಬಲಗಾಲು ಎಳೆದುಕೊಂಡು ನಡೆಯುತ್ತಾರೆ. ಮಾತು ಪೂರ್ತಿ ಹೋಯಿತು. ನಾವು ಹೇಳುವುದೆಲ್ಲ ತಿಳಿಯುತ್ತದೆ. ಒಳಗೆ ಮಾತು ಇದೆ, ಹೊರಗೆ ಬರುವುದಿಲ್ಲ. ಒಂದು ‘ಆ’ ಬರುತ್ತದೆ. ಅದನ್ನೂ ನಾಚಿಕೆಯಿಂದ ನುಂಗಿಕೊಳ್ಳುತ್ತಾರೆ.

‘ಬ್ಯಾಟರಿ ಇಳಿದಿದೆಯಾ’ ಅಂತ ನೀವು ಬರೆದಿದ್ದಿರಿ. ಅದಕ್ಕೆ ಏನಂತ ಉತ್ತರ ಬರೆಯಲಿ? ಮಾತಾಡುವ ಮನುಷ್ಯ ಬೇಕು ಅಂತ ಬಾಗಿಲಲ್ಲಿ ನಿಂತು ಕೂಗಿ ಬಂದವಳು, ಆ ಮನುಷ್ಯನ ಮಾತು ನಿಂತುಹೋಯಿತು ಅಂತ ನಿಮಗೆ ಬರೆಯಲೇ? ನೀವು ನಗುತ್ತಿರಲಿಲ್ಲ. ಆದರೆ ನನಗೆ ನಾನೇ ನಕ್ಕ ಹಾಗಾಗುತ್ತಿತ್ತು. ನಿಮ್ಮ ಎಂಟು ಆರ್ಡರ್ ಎಂಥದೋ, ನನ್ನ ‘ಎಲ್ಲ ಕ್ಷೇಮ’ವೂ ಅಂಥದೇ.

ಹೋದ ಡಿಸೆಂಬರಿನಲ್ಲಿ ಒಂದು ದಿನ ಕೆಲಸದಿಂದ ಬಂದಾಗ ಅವರು ಮಂಚದ ಮೇಲೆ ಹಳೇ ಕೋಲು ಹಿಡಿದು ಕೂತಿದ್ದರು. ನೀವು ಅವರಿಗೆ ಮಾಡಿಕೊಟ್ಟಿದ್ದು. ಊರು ಬಿಡುವಾಗ ನಾನು ಸೀರೆ ತಂದೆ, ಅವರು ಅದನ್ನು ತಂದರು. ಎಡಗೈಯಲ್ಲಿ ಹಿಡಿಯಲು ನೋಡುತ್ತಿದ್ದರು. ಹಿಡಿಯ ಕುಳಿಗಳೆಲ್ಲ ಅವರ ಬಲಗೈಗೆ ಕೊರೆದದ್ದು, ಬೆರಳು ಕೂರಲಿಲ್ಲ. ಕೋಲನ್ನು ಮೆಲ್ಲಗೆ ಕೆಳಗಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಒಂದು ವರ್ಷದಲ್ಲಿ ಅವರು ತಾವಾಗಿ ಕೈಚಾಚಿ ಎತ್ತಿಕೊಂಡ ವಸ್ತು ಅದೊಂದೇ. ಅದಕ್ಕೇ ನಾಚಿಕೆ ಬಿಟ್ಟು ನಿಮಗೆ ಬರೆದೆ. ಹಾಳೆಯ ಮೇಲೆ ಕೈ ಇಡಿಸೋಣ ಅಂದರೆ, ಯಾರು ಕೈ ಮುಟ್ಟಿದರೂ ಎಳೆದುಕೊಳ್ಳುತ್ತಾರೆ. ಗೊತ್ತಿರುವ ಕೈ ಅಂದದ್ದು ಅವರ ಕೈಯನ್ನು. ಎಡಗೈಯವಳು ನಾನು ಅನ್ನುವುದೇ ನನಗೆ ಹೊಳೆಯಲಿಲ್ಲ ನೋಡಿ. ಅವರ ಸೇವೆಯಲ್ಲಿ ನನಗೂ ಒಂದು ಕೈಯಿದೆ ಅನ್ನುವುದು ಮರೆತುಹೋಗಿತ್ತು.

ಅವರು ಕೋಲು ತೆಗೆದು ಹಿಡಿದರು. ಹಿಡಿ ಅವರ ಮುಷ್ಟಿಯಲ್ಲಿ ಮುಳುಗಿಹೋಯಿತು. ತಿರುಗಿಸಿ ತಿರುಗಿಸಿ ನೋಡಿದರು. ಕಿರುಬೆರಳಿನ ಕುಳಿಯ ಮೇಲೆ ಉಗುರಾಡಿಸಿದರು. ಆಮೇಲೆ ನನ್ನ ಎಡಗೈ ಎಳೆದು ಅದರ ಮೇಲಿಟ್ಟರು. ಐದು ಬೆರಳೂ ಅವುಗಳ ಮನೆಗೆ ಹೋಗಿ ಕೂತವು. ನಾನು ತಲೆ ಎತ್ತಲಿಲ್ಲ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಆ ನಾಲ್ಕು ಅಕ್ಷರ ಅವತ್ತೇ ಅಂದಿದ್ದರೆ ಪೆಟ್ಟಿಗೆ ಕೆಳಗಿಡುತ್ತಿದ್ದೆನೋ ಏನೋ. ಈಗ ಅದಕ್ಕೆ ಉತ್ತರ ಹುಡುಕಬಾರದು. ನಾನು ಬರಲಾರೆ. ಕರ್ತವ್ಯ ಅಂತ ಅಲ್ಲ. ಹದಿನೆಂಟು ವರ್ಷ ಆ ಮನುಷ್ಯ ನನ್ನನ್ನು ನಗಿಸಿದ್ದಾನೆ. ನನಗೆ ಅವರು ಬೇಕು, ಮಾತಿದ್ದರೂ, ಇಲ್ಲದಿದ್ದರೂ.

ಕೋಲು ವಾಪಸ್ ಕಳಿಸಲಾ? ನಿಮ್ಮ ಕಿಟಕಿ, ಸುಣ್ಣ, ಎಲ್ಲಕ್ಕೂ ನನ್ನಿಂದ ತಪ್ಪಾಯಿತು.


ಜುಲೈ 30

ಮೂರು ತಿಂಗಳಾಯಿತು. ಕೋಪವೋ, ನಾಚಿಕೆಯೋ, ಹುಷಾರಿಲ್ಲವೋ ಒಂದೂ ತಿಳಿಯದು. ಯಾವುದಾದರೂ ಆಗಲಿ, ಬರೆಯಿರಿ. ಹಿಂದೆ ಒಂದೇ ಮನೆಯಲ್ಲಿದ್ದು ನಿಮ್ಮ ಮೌನ ತಡೆದುಕೊಳ್ಳಲಾಗಲಿಲ್ಲ. ಇಷ್ಟು ದೂರದಿಂದ ಇನ್ನೂ ಕಷ್ಟ. ಇವರು ದಿನಾ ಅಂಚೆಯವನು ಬರುವ ಹೊತ್ತಿಗೆ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಳ್ಳುತ್ತಾರೆ. ಯಾಕೆ ಅಂತ ಹೇಳಲು ಅವರಿಗೂ ಆಗುವುದಿಲ್ಲ.


ಆಗಸ್ಟ್ 9

ನಾಚಿಕೆ. ಕೋಪ ಎರಡು ದಿನ ಇತ್ತು, ಅದೂ ನನ್ನ ಮೇಲೆ. ನಾಲ್ಕು ಕಾಗದ ಬರೆದು ಒಲೆಗೆ ಹಾಕಿದೆ. ಬ್ಯಾಟರಿ ಅಂದೆನಲ್ಲ, ಆ ನಾಲಿಗೆಗೆ ಬರೆ ಹಾಕಬೇಕು.

ಹಗಲೆಲ್ಲ ಯೋಚಿಸಿದ್ದು ಒಂದೇ. ಅವನಿಗೆ ಎಡಗೈ ಕೋಲು ಕಳಿಸಿದ್ದರೂ ಪ್ರಯೋಜನವಿರುತ್ತಿರಲಿಲ್ಲ. ನೀನು ಕೇಳಿದ್ದೇ ತಪ್ಪು. ಎಡಗೈಯಲ್ಲಿ ಕೋಲು ಹಿಡಿದರೆ ದಾರದ ರೀಲು ಸುತ್ತುವುದು ಯಾವ ಕೈಯಲ್ಲಿ? ಒಂದೇ ಕೈ ಎರಡು ಕೆಲಸ ಮಾಡಬೇಕು. ಬೀಸಬೇಕು, ಆಮೇಲೆ ಕೋಲನ್ನು ಎಲ್ಲಾದರೂ ನಿಲ್ಲಿಸಿ ಅದೇ ಕೈಯಲ್ಲಿ ಸುತ್ತಬೇಕು. ಎಲ್ಲಿ ನಿಲ್ಲಿಸುವುದು? ಸೊಂಟದಲ್ಲಿ. ಚಪ್ಪಲಿ ಹೊಲಿಯುವವರ ಹತ್ತಿರ ಕೂತು ಅಗಲ ಬೆಲ್ಟಿಗೆ ಚರ್ಮದ ಬಟ್ಟಲು ಹೊಲಿಸಿದೆ. ಕೋಲಿನ ಬುಡ ಅದರಲ್ಲಿ ಕೂರುತ್ತದೆ. ಎದೆಯ ಮೇಲೆ ಒಂದು ಪಟ್ಟಿ. ನನ್ನ ಬಲಗೈಯನ್ನು ಬೆನ್ನಿಗೆ ಕಟ್ಟಿಕೊಂಡು ಮಹಡಿಯ ಮೇಲೆ ಹದಿನೈದು ದಿನ ನೋಡಿದೆ. ಕೋಲು ಬಿತ್ತು, ನಾನೂ ಒಂದು ಸಲ ಬಿದ್ದೆ. ಕೆಳಗೆ ಒಣಗಲು ಹಾಕಿದ್ದ ಲಂಗ ಗಾಳಕ್ಕೆ ಸಿಕ್ಕಿ ಮೇಲೆ ಬಂತು. ಈಗ ಆಗುತ್ತದೆ.

ಆದರೆ ಹಿಡಿಯನ್ನು ಅಂಚೆಯಲ್ಲಿ ಅಳೆಯಲು ಆಗುವುದಿಲ್ಲ. ಕೈ ಮುಟ್ಟಗೊಡುವುದಿಲ್ಲ ಅಂದೆ. ನನಗೆ ಕೊಡುತ್ತಾನೋ ಇಲ್ಲವೋ. ಹತ್ತು ವರ್ಷ ನನ್ನ ಕುತ್ತಿಗೆಯ ಮೇಲೆ ಅವನು ಕತ್ತಿ ಇಟ್ಟಿದ್ದಾನೆ, ನಾನು ಅಲುಗಾಡಿಲ್ಲ. ನಾನು ಬರಲಾ? ಅವನನ್ನು ಕೇಳಿ ಬರೆ. ನಿನ್ನನ್ನಲ್ಲ, ಅವನನ್ನು.

ಆ ಚಿಕ್ಕ ಕೋಲು ನಿನ್ನದು. ವಾಪಸ್ ಬೇಡ.

ಗೂಟ


ಆಗಸ್ಟ್ 15

ಕೇಳಿದೆ. ಕಾಗದವನ್ನು ಪೂರ್ತಿ ಓದಿ ಹೇಳಿದೆ. ಲಂಗದ ವಿಷಯ ಬಂದಾಗ ಭುಜ ಕುಣಿಯಿತು. ಆಮೇಲೆ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಒಂದು ಭಾನುವಾರದ ಮೇಲೆ ಬೆರಳಿಟ್ಟು ನಿಂತರು. 29ನೇ ತಾರೀಖು. ಬನ್ನಿ. ಹಬ್ಬದ ಸೀಸನ್ನಿನ ಹೊಲಿಗೆ ರಾಶಿ ಬಿದ್ದಿದೆ, ಅವತ್ತೂ ನನಗೆ ಕೆಲಸವಿದೆ. ನೀವಿಬ್ಬರೇ ನೋಡಿಕೊಳ್ಳಬೇಕು.


ಸೆಪ್ಟೆಂಬರ್ 3

ಸುಖವಾಗಿ ತಲುಪಿದಿರಿ ಅಂದುಕೊಂಡಿದ್ದೇನೆ.

ಅಲ್ಲ, ಕೆರೆಯ ಹತ್ತಿರ ಏನಾಯಿತು? ಸಂಜೆ ಬಂದರೆ ಇಬ್ಬರೂ ಸಭ್ಯರ ಹಾಗೆ ಜಗಲಿಯ ಮೇಲೆ ಕೂತಿದ್ದೀರಿ. ನನ್ನ ಗ್ರಹಚಾರ ನೋಡಿ, ಒಬ್ಬರಿಗೆ ಹೇಳಲು ಬರುವುದಿಲ್ಲ, ಇನ್ನೊಬ್ಬರು ಹೇಳುವವರಲ್ಲ. ನೀವು ರೈಲಿಗೆ ಹೊರಟ ಮಾರನೇ ಬೆಳಗ್ಗೆ ಇವರು ತಾವೇ ಚಪ್ಪಲಿ ಮೆಟ್ಟಿಕೊಂಡು, ಸೊಂಟಕ್ಕೆ ಬೆಲ್ಟು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಒಂದೂವರೆ ವರ್ಷದ ಮೇಲೆ! ಇವತ್ತು ಪಕ್ಕದ ಮನೆಯವರ ಜೊತೆ ಕೆರೆಗೆ ಹೋಗಿ ಒಬ್ಬರೇ ತಿರುಗಿ ಬಂದರು. ನಾನು ಬಾಗಿಲ ಹಿಂದೆ ನಿಂತು ಕಾಯುತ್ತಿದ್ದೆ, ಕಾಯುತ್ತಿರಲಿಲ್ಲ ಅನ್ನುವ ಹಾಗೆ ಪಾತ್ರೆ ಒರೆಸುತ್ತಾ.

ಬರೆಯಿರಿ. ಒಂದನ್ನೂ ಬಿಡಬೇಡಿ.


ಸೆಪ್ಟೆಂಬರ್ 12

ಇವಳೇ,

ಬರೆಯುತ್ತೇನೆ. ಬೆಳಗ್ಗೆ ನೀನು ಹೋದಮೇಲೆ ಅವನ ಮುಂದೆ ಮೇಣದ ಉಂಡೆ ಇಟ್ಟೆ. ‘ಒತ್ತು’ ಅಂದೆ. ಕೈ ಎಳೆದುಕೊಂಡ. ನಾನು ಸುಮ್ಮನೆ ಕೂತೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಅರ್ಧ ಗಂಟೆ ಆದಮೇಲೆ ತಾನಾಗಿ ಒತ್ತಿದ. ಕೈ ದಪ್ಪಗಾಗಿದೆ, ಮೆತ್ತಗಾಗಿದೆ. ಹೊಸ ಕೋಲಿನ ಹಿಡಿಯನ್ನು ಊರಿನಲ್ಲೇ ದಪ್ಪಗೆ ಬಿಟ್ಟು ತಂದಿದ್ದೆ. ನಿನ್ನ ಅಡುಗೆಮನೆಯ ಕಟ್ಟೆಯ ಮೇಲೆ ಚಾಕುವಿನಲ್ಲಿ ಕೊರೆದು ಉಜ್ಜಿದೆ. ಪುಡಿ ಎಲ್ಲ ಗುಡಿಸಿದ್ದೇನೆ ಅಂದುಕೊಂಡಿದ್ದೇನೆ.

ಕೆರೆಯಲ್ಲಿ ಮೊದಲ ಐದು ಬೀಸು ಪೊದೆಗೆ ಹೋದವು. ಆರನೆಯದು ನೀರಿಗೆ ಬಿತ್ತು. ಕೋಲಿನ ಬುಡವನ್ನು ಬಟ್ಟಲಿಗೆ ಇಟ್ಟ, ರೀಲಿಗೆ ಕೈ ಹಾಕಿದ, ಸುತ್ತಿದ. ಆಮೇಲೆ ನನ್ನ ಮುಖ ನೋಡಿದ. ಹಿಂದೆ ಭಾನುವಾರ ನಾವಿಬ್ಬರೂ ಹೋದಾಗ ಅವನು ಮಾತಾಡುತ್ತಿದ್ದ, ನಾನು ಮೀನು ಹಿಡಿಯುತ್ತಿದ್ದೆ. ಈಗ ಅವನು ಕಾಯುತ್ತಿದ್ದ. ಒಂದು ಗಂಟೆ ಹೋಯಿತು. ಎರಡು ಗೂಟ ನೆಟ್ಟ ಹಾಗೆ ಎಷ್ಟು ಹೊತ್ತು ಕೂರುವುದು?

ಲೇತಿನ ವಿಷಯ ಶುರು ಮಾಡಿದೆ. ಅಲ್ಲಿಂದ ಇಲಿ. ಇಲಿಯಿಂದ ಇಸ್ತ್ರಿ ಅಂಗಡಿಯ ಅಜ್ಜಿ ಸತ್ತದ್ದು. ನರ್ಸಮ್ಮನ ಕುಂಡ. ಕಟ್ಟೆ ಒಡೆದ ಹಾಗಾಯಿತು. ನನ್ನ ದನಿ ನನಗೇ ಯಾರದೋ ಅನ್ನಿಸುತ್ತಿತ್ತು. ಅವನು ನಕ್ಕ, ತಲೆದೂಗಿದ, ಎರಡು ಕಡೆ ‘ಊಹೂಂ’ ಅನ್ನುವ ಹಾಗೆ ಕೈಯಾಡಿಸಿದ. ನಾನು ಹೇಳಿದ್ದನ್ನೆಲ್ಲ ಯಾರಾದರೂ ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ಹೇಳಿದ್ದೂ ಮೊದಲು.

ಕೊನೆಗೆ ಅದೂ ಬಂತು. ‘ಏಪ್ರಿಲಿನಲ್ಲಿ ನಿನ್ನ ಹೆಂಡತಿಗೆ ನಾನೊಂದು ಕಾಗದ ಬರೆದೆ, ಗೊತ್ತಾ?’ ಅಂದೆ. ತಲೆಯಾಡಿಸಿದ. ಗೊತ್ತಿತ್ತು. ‘ವಾಪಸ್ ಬಾ ಅಂತ ಬರೆದಿದ್ದೆ. ನೀನು ಬಿಟ್ಟುಹೋಗಿದ್ದೀಯ ಅಂದ್ಕೊಂಡಿದ್ದೆ ಕಣೋ. ಅಂದ್ಕೊಂಡದ್ದು ತಪ್ಪು. ಬರೆದದ್ದು ಸುಳ್ಳಲ್ಲ.’

ನೀರು ನೋಡಿದ. ಆಮೇಲೆ ಎಡಗೈಯಿಂದ ನನ್ನ ಮಂಡಿಗೆ ಎರಡೇಟು ಹಾಕಿದ. ಬೈದದ್ದೋ ಸಮಾಧಾನ ಮಾಡಿದ್ದೋ ತಿಳಿಯಲಿಲ್ಲ. ನೋಯಿತು. ನಾನೂ ನೀರು ನೋಡಿದೆ. ಇಬ್ಬರ ಕಣ್ಣೂ ಮಂಜಾಗಿತ್ತು. ಆಗಲೇ ದಾರ ಬಿಗಿಯಾಯಿತು. ಕೋಲು ಬಾಗಿತು. ‘ಆ!’ ಅಂತ ಕೂಗಿದ, ಕೆರೆಯ ಆಚೆ ದಡಕ್ಕೆ ಕೇಳುವ ಹಾಗೆ. ನಾಚಿಕೆ ಪಡಲಿಲ್ಲ. ನಾನು ಹಿಡಿಯಲು ಹೋದರೆ ಮೊಣಕೈಯಲ್ಲಿ ತಿವಿದು ತಳ್ಳಿದ. ಅವನೇ ಸುತ್ತಿದ. ಅಂಗೈಯಷ್ಟು ಮೀನು. ನೋಡಿದ, ನನಗೂ ತೋರಿಸಿದ, ಬಿಟ್ಟ.

ನೀನು ಬರುವ ಮುಂಚೆ ಮನೆಯಲ್ಲಿ ಆದದ್ದು ಇನ್ನೊಂದಿದೆ. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ. ತಲೆಯನ್ನು ನೋಡಿ ಚ್ ಚ್ ಅನ್ನುವ ಹಾಗೆ ಮುಖ ಮಾಡಿದ. ಹತ್ತೊಂಬತ್ತು ವರ್ಷದಿಂದ ನಾನು ಬೇರೆ ಯಾವ ಕ್ಷೌರದಂಗಡಿಗೂ ಹೋಗಿಲ್ಲ, ಮನೆಯಲ್ಲೇ ಕನ್ನಡಿ ನೋಡಿಕೊಂಡು ಕತ್ತರಿಸಿಕೊಳ್ಳುತ್ತೇನೆ. ಅವನಿಗೆ ಅದು ಕಂಡಿತು. ಒಳಗಿನಿಂದ ಕತ್ತರಿ ತಂದ. ಎಡಗೈ. ಬಾಚಣಿಗೆಯನ್ನು ನಾನೇ ಹಿಡಿದುಕೊಳ್ಳಬೇಕಾಯಿತು, ಅವನು ಕಣ್ಣಲ್ಲೇ ‘ಇಲ್ಲಿ, ಇಲ್ಲಿ’ ಅನ್ನುತ್ತಿದ್ದ. ಒಂದು ಗಂಟೆ ಹಿಡಿಯಿತು. ನೀನು ಬಂದಾಗ ನಾನು ಟೋಪಿ ಹಾಕಿಕೊಂಡದ್ದು ಅದಕ್ಕೇ.

ರೈಲಿನಲ್ಲಿ ಸೆಕೆಗೆ ಟೋಪಿ ತೆಗೆದೆ. ಎದುರು ಕೂತಿದ್ದ ಹೆಂಗಸು ನೋಡಿ ನೋಡಿ ತಡೆಯಲಾರದೆ ಕೇಳಿದಳು.

‘ಯಾರಣ್ಣಾ ನಿಮ್ಮ ತಲೆ ಹೀಗೆ ಮಾಡಿದ್ದು?’

‘ನನ್ನ ಸ್ನೇಹಿತ,’ ಅಂದೆ. ‘ಮುಂದಿನ ತಿಂಗಳೂ ಅವನ ಹತ್ತಿರವೇ ಹೋಗ್ತೀನಿ.’